ಚಾಡಿ ಹೇಳುವ ಔಷಧಿ

ಯಂತ್ರ ಕೈಕೊಟ್ಟೀತೆಂಬ ಭಯ ಹಿಮಾನಿಗಿರಲಿಲ್ಲ. ಭಯವಿದ್ದದ್ದು ಮಾತಾಡುವುದಕ್ಕೆ: ರೋಗಿಯ ತಾಯಿ ಎಲ್ಲರೆದುರು ತನ್ನನ್ನೇ ಏನಾದರೂ ಕೇಳಿಬಿಟ್ಟರೆ? ತಾನು ಮಾಡಿದ ಔಷಧಿ ಮೊದಲ ಬಾರಿ ರೋಗಿಯೊಬ್ಬನಿಗೆ ಇಳಿಯುವ ಇಷ್ಟು ದೊಡ್ಡ ದಿನ ಇಷ್ಟು ಸಣ್ಣ ಅಳುಕು! ನಾಚಿಕೆಗೇಡು, ಆದರೆ ನಿಜ ಎಂದು ತನಗೆ ತಾನೇ ಒಪ್ಪಿಕೊಂಡಳು.

ಗಾಜಿನಾಚೆ, ದಾವಣಗೆರೆಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ರುದ್ರಮುನಿ ಮಲಗಿದ್ದ. ಅಪಘಾತದ ಗಾಯಗಳು ಮಾಯುತ್ತಿದ್ದರೂ ರಕ್ತಕ್ಕೆ ಬ್ಯಾಕ್ಟೀರಿಯಾ ಹೊಕ್ಕಿತ್ತು. 2062ರಲ್ಲಿ ಉಳಿದಿದ್ದ ಯಾವ ಆಂಟಿಬಯೋಟಿಕ್ಕಿಗೂ ಅದು ಜಗ್ಗಿರಲಿಲ್ಲ. ರಕ್ತದೊತ್ತಡ ಕುಸಿಯುತ್ತಲೇ ಇತ್ತು. ಹಾಸಿಗೆಯ ಪಕ್ಕದ ಪುಟ್ಟ ಯಂತ್ರ ಅವನ ರಕ್ತದ ಹನಿಗಳನ್ನು ಹೀರಿ ಅದರೊಳಗಿನ ಬ್ಯಾಕ್ಟೀರಿಯಾಗಳ ಮಾತುಕತೆ ಆಲಿಸುತ್ತಿತ್ತು.

"ಬ್ಯಾಕ್ಟೀರಿಯಾಗಳೂ ಮಾತಾಡ್ತವೆ ಗೌರಕ್ಕ, ರಾಸಾಯನಿಕಗಳಲ್ಲಿ," ಎಂದು ಪ್ರಯೋಗಾಲಯದ ಮುಖ್ಯಸ್ಥೆ ಡಾ. ಪರ್ವೀನ್ ರುದ್ರಮುನಿಯ ತಾಯಿಗೆ ವಿವರಿಸುತ್ತಿದ್ದರು. "ಸಾಕಷ್ಟು ಮಂದಿ ಸೇರಿದೀವಿ ಅಂತ ಗೊತ್ತಾದ ಮೇಲೇ ಒಟ್ಟಿಗೆ ವಿಷ ಕಾರೋದು. ನಮ್ಮ ಹಿಮಾನಿ ಮಾಡಿರೋ ಔಷಧಿ ಒಂದೊಂದರ ಹತ್ರಾನೂ ಹೋಗಿ, 'ನೀನೊಬ್ನೇ ಕಣೋ, ಮಿಕ್ಕೋರೆಲ್ಲ ಓಡಿಹೋದ್ರು' ಅನ್ನುತ್ತೆ."

"ಅಂದ್ರೆ, ಚಾಡಿ?"

"ಅಪ್ಪಟ ಚಾಡಿ!"

"ಅಯ್ಯ, ನಮ್ಮ ಓರಗಿತ್ತೀನ ಕರೆಸಿದ್ರೆ ಪುಕ್ಕಟೆ ಆಗ್ತಿತ್ತಲ್ರೀ," ಎಂದು ಗೌರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಔಷಧಿ ರಕ್ತಕ್ಕಿಳಿಯಿತು. ಒಬ್ಬಂಟಿಗಳೆಂದು ನಂಬಿದ ಬ್ಯಾಕ್ಟೀರಿಯಾಗಳು ತೆಪ್ಪಗಾದವು. ತೆಪ್ಪಗಾದವುಗಳನ್ನು ಬಿಳಿ ರಕ್ತಕಣಗಳು ಹುಡುಕಿ ನುಂಗಿದವು. ಸಂಜೆಗೆ ರಕ್ತದೊತ್ತಡ ಏರಿತು. ಮರುದಿನ ರುದ್ರಮುನಿ ಕಣ್ಣು ಬಿಟ್ಟು, "ಅವ್ವಾ, ಮಂಡಕ್ಕಿ ಮೆಣಸಿನಕಾಯಿ," ಎಂದ. ಇಡೀ ಘಟಕವೇ ಚಪ್ಪಾಳೆ ತಟ್ಟಿತು.

ಗೌರಕ್ಕ ಚೀಲದಿಂದ ಖಾಲಿ ಬಾಟಲಿ ತೆಗೆದರು. "ಇದ್ರಾಗೆ ಒಂಚೂರು ಹಾಕಿಕೊಡ್ರೀ. ಮೊಮ್ಮಗಳಿಗೆ ನೆಗಡಿ ಐತೆ."

ಪರ್ವೀನ್ ಗೆಲುವಿನ ಗುಂಗಿನಲ್ಲೇ ನಕ್ಕರು. "ಬಾಟ್ಲಿ ಯಾಕೆ ಗೌರಕ್ಕ? ಸಿರಪ್ಪೇ ಮಾಡಿ ಎಲ್ಲ ಮೆಡಿಕಲ್ ಶಾಪಿಗೂ ಕೊಡ್ತೀವಿ!"

ಸುತ್ತಲಿದ್ದವರೆಲ್ಲ ಹೂಂಗುಟ್ಟಿದರು. ಹಿಮಾನಿಗೆ ಮಾತ್ರ ಅಜ್ಜಿ ಹೇಳುತ್ತಿದ್ದ ಕಾಲ ಕಣ್ಣಿಗೆ ಬಂತು: 2020ರ ಆಸುಪಾಸಿನಲ್ಲಿ ಗಂಟಲು ಕೆರೆದರೂ ಅಂಗಡಿಯಿಂದ ಎರಡು ಆಂಟಿಬಯೋಟಿಕ್ ಮಾತ್ರೆ, ಜ್ವರ ಇಳಿದೊಡನೆ ಉಳಿದದ್ದು ಡಬ್ಬಿಗೆ.

"ಬೇಡ ಮೇಡಂ."

ಎಲ್ಲರೂ ತಿರುಗಿದರು. ಅವಳ ಕಿವಿ ಬಿಸಿಯಾಯಿತು. ಆದರೂ ಗೌರಕ್ಕನತ್ತ ತಿರುಗಿ ಮಾತು ಮುಂದುವರಿಸಿದಳು.

"ನೆಗಡಿ ಬರೋದು ವೈರಸ್ಸಿಂದ, ಅದಕ್ಕಿದು ತಾಗೋದೇ ಇಲ್ಲ. ಹಳೇ ಮಾತ್ರೆಗಳನ್ನೂ ನಾವು ಹೀಗೇ ಸುಮ್‌ಸುಮ್ನೆ ನುಂಗಿ ಹಾಳುಮಾಡಿದ್ವಿ. ದಿನಾ ಅದೇ ಚಾಡಿ ಹೇಳ್ತಾ ಹೋದ್ರೆ, ಅಮ್ಮಾ, ಈ ಬ್ಯಾಕ್ಟೀರಿಯಾಗಳೂ ನಂಬೋದು ಬಿಡ್ತವೆ."