ಹಳದಿ ದೀಪದ ಸಾಕ್ಷಿ

ನೂಲು ಅದ್ದುವ ನಮ್ಮ ಬಣ್ಣದ ಮನೆಯ ಕಣ್ಣುಮೇಷ್ಟ್ರು, ಅಂದರೆ ಬಣ್ಣ ನೋಡಿ ‘ಸರಿ’ ಎನ್ನುವವರು, ಒಂದೇ ನೋಟಕ್ಕೆ ಒಂಬತ್ತು ಸಾವಿರ ಬಣ್ಣಗಳನ್ನು ಬೇರೆ ಮಾಡಿ ಹೇಳುತ್ತಿದ್ದರು. ಕಂದು ಬಣ್ಣವೊಂದರಲ್ಲೇ ಏಳುನೂರು. ಒಮ್ಮೆ ಆಕಾಶದಲ್ಲಿ ಕಾಮನಬಿಲ್ಲು ಮೂಡಿದಾಗ ಕಿಟಕಿಯಿಂದ ಇಣುಕಿ, "ನಾಲ್ಕನೇ ಪಟ್ಟಿ ಮಾಸಿದೆ, ಇನ್ನೊಂದು ಸಲ ಅದ್ದಬೇಕು" ಎಂದರು. ಕಾಮನಬಿಲ್ಲು ನಾಚಿ ಒಳಗೆ ಹೋಯಿತು. ಅರ್ಧ ಗಂಟೆ ಬಿಟ್ಟು ತಿದ್ದಿಕೊಂಡು ಬಂತು. ನಂಬುವವರು ನಂಬಿ, ನಗುವವರು ನಗಿ. ಊಟದ ಬಿಡುವು ಮುಗಿಯುವವರೆಗೆ ನಗುವುದಕ್ಕೇನೂ ಅಡ್ಡಿಯಿಲ್ಲ.

ಆರು ವರ್ಷದ ಹಿಂದಿನ ಮಾತು. ಆಗ ಈ ಮನೆಯಲ್ಲಿ ಹಬೆ ಎಷ್ಟು ದಟ್ಟವೆಂದರೆ ಕೆಲಸಗಾರರು ಬೆಳಿಗ್ಗೆ ಬಂದವರೇ ಟೋಪಿಯನ್ನು ಹಬೆಗೇ ತಗುಲಿಹಾಕುತ್ತಿದ್ದರು. ಮೇಲಿನ ಗಳುಗಳಲ್ಲಿ ಒದ್ದೆ ನೂಲಿನ ಲಡಿಗಳು ಸಾಲಾಗಿ ಇಳಿಬಿದ್ದು, ಕೆಂಪು, ಹಳದಿ, ನೀಲಿಯಾಗಿ ತೊಟ್ಟಿಕ್ಕುತ್ತಿದ್ದವು. ಕೆಳಗೆ ನಡೆದವರು ಈ ತುದಿಯಲ್ಲಿ ಒಂದು ಬಣ್ಣ, ಆ ತುದಿಯಲ್ಲಿ ಇನ್ನೊಂದು. ಎಚ್ಚರವಿದ್ದಾಗಲೂ ಯಾರದೋ ಕನಸಿನೊಳಗೆ ಓಡಾಡಿದ ಹಾಗಿರುತ್ತಿತ್ತು.

ಮನೆಯ ಮೇಲಂತಸ್ತಿನ ಒಂಟಿ ಕೋಣೆಯಲ್ಲಿ ಕಣ್ಣುಮೇಷ್ಟ್ರ ದೊಡ್ಡಮ್ಮ ಇದ್ದರು. ಹರಿದ ಬಟ್ಟೆಗೆ ರಫೂ ಮಾಡುವುದು ಅವರ ಕಸುಬು. ಎಳೆ ಹಿಡಿದು ಕಳ್ಳನನ್ನು ಹುಡುಕುವುದು ಹವ್ಯಾಸ. ಕೋಟಿನ ಹರಕನ್ನು ನೋಡಿದರೆ ಸಾಕು, ಹರಿದದ್ದು ಮೊಳೆಯೋ ಹೆಂಡತಿಯೋ ಎಂದು ಹೇಳಿಬಿಡುತ್ತಿದ್ದರು. ಊರಿನ ಅರ್ಧ ಕಳ್ಳರು ಅವರಿಗೆ ಹೆದರಿ ಬಟ್ಟೆ ಹರಿಯದಂತೆ ಕದಿಯುವುದನ್ನು ಕಲಿತಿದ್ದರು. ಇಂಥ ಹುಡುಕಾಟಗಳಲ್ಲೆಲ್ಲ ಅವರ ಬಲಗೈ ಕಣ್ಣುಮೇಷ್ಟ್ರೇ. ಅಂದರೆ ದೊಡ್ಡಮ್ಮನ ಸೂಜಿಡಬ್ಬಿ ಹೊರುತ್ತಿದ್ದವರು.

ಆ ದಿನ ಬೆಳಿಗ್ಗೆ ಏಳಕ್ಕೆ ಯಜಮಾನಿ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು.

"ಬಣ್ಣದ ಪುಸ್ತಕ ಹೋಯ್ತು ದೊಡ್ಡಮ್ಮ! ನಮ್ಮ ಮಾವನೋರ ಕಾಲದಿಂದ ಬಂದ ಪುಸ್ತಕ!"

ಆ ಪುಸ್ತಕದ ಒಂದೊಂದು ಹಾಳೆಯಲ್ಲೂ ಒಂದೊಂದು ನೂಲಿನ ತುಂಡು, ಅದರ ಪಕ್ಕದಲ್ಲಿ ಆ ಬಣ್ಣ ಮಾಡುವ ಬಗೆ. ಅದಿಲ್ಲದೆ ಬಣ್ಣದ ಮನೆ ಇಲ್ಲ.

"ಯಾರು ಅಂತ ಗೊತ್ತಾಯ್ತಾ?" ಎಂದರು ದೊಡ್ಡಮ್ಮ, ಸೂಜಿಗೆ ದಾರ ಪೋಣಿಸುತ್ತ.

"ಗೊತ್ತಾಗೋದೇನು, ನಿಮ್ಮ ಮಗ ಕಣ್ಣುಮೇಷ್ಟ್ರೇ ಕಣ್ಣಾರೆ ನೋಡಿದಾರಲ್ಲ! ನೀಲಿಯವನು."

ನೀಲಿಯವನು ಎಂದರೆ ನೀಲಿ ತೊಟ್ಟಿಯ ಕೆಲಸಗಾರ. ಕಡಲಾಚೆಯಿಂದ ಬಂದವನು, ಕಡುಗಪ್ಪು ಮೈಬಣ್ಣದವನು. ಹತ್ತು ತಿಂಗಳಾಗಿತ್ತು. ನೀಲಿಯನ್ನು ಅವನಷ್ಟು ಸಮನಾಗಿ ಅದ್ದುವವರು ಇನ್ನೊಬ್ಬರಿರಲಿಲ್ಲ. ಅವನ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ, ಕೇಳಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ. ಅವನು ಪಕ್ಕದಲ್ಲಿ ಹಾದರೆ ನೂಲು ತೊಳೆಯುವ ಅಕ್ಕನ ಕೈ ತಾನಾಗಿ ಅವಳ ಚೀಲವನ್ನು ಹತ್ತಿರ ಎಳೆದುಕೊಳ್ಳುತ್ತಿತ್ತು. ಕಣ್ಣುಮೇಷ್ಟ್ರಿಗೋ ಭೇದಭಾವ ಎಂದರೇನೆಂದೇ ತಿಳಿಯದು. ಊಟದ ಬೆಂಚಿನ ಮೇಲೆ ಅವನ ಪಕ್ಕದ ಜಾಗ ಖಾಲಿಯಿದ್ದರೂ ಅವರು ನಿಂತೇ ಉಣ್ಣುತ್ತಿದ್ದರು, ಅಷ್ಟೇ. ಬೆನ್ನಿಗೆ ಒಳ್ಳೆಯದಂತೆ.

"ನಾನು ಯಾವತ್ತಾದ್ರೂ ಅವನನ್ನ ಬೇರೆ ಥರ ನೋಡಿದೀನಾ?" ಎಂದು ಯಜಮಾನಿ ಕಣ್ಣೊರೆಸಿಕೊಂಡರು. "ಅವರ ಕಡೆಯವನಾದ್ರೂ ಎಷ್ಟು ಶುಚಿ, ಎಷ್ಟು ನಿಯತ್ತು ಅಂತ ಎಲ್ಲರ ಮುಂದೂ ಹೊಗಳ್ತಿದ್ದೆ."

"ಹೊಗಳೋದನ್ನ ‘ಆದ್ರೂ’ ಇಂದ ಶುರು ಮಾಡ್ತಿದ್ರಿ" ಎಂದು ದೊಡ್ಡಮ್ಮ ಎದ್ದರು.

ಕೆಳಗೆ ಗೇಟಿನ ಬೆಂಚಿನ ಮೇಲೆ ನೀಲಿಯವನು ಒಬ್ಬನೇ ಕೂತಿದ್ದ. ಅವನ ಕೋಣೆಯನ್ನು ಆಗಲೇ ತಲೆಕೆಳಗು ಮಾಡಿದ್ದರು, ಪುಸ್ತಕ ಸಿಕ್ಕಿರಲಿಲ್ಲ. ಯಜಮಾನಿಯ ಅಳಿಯ ಆಫೀಸಿನಿಂದ ಪೊಲೀಸರಿಗೆ ಫೋನು ಮಾಡಿ ಹೊರಗೆ ಬಂದ. ಬಲಗೈ ಕಿರುಬೆರಳಿಗೆ ದಪ್ಪ ಬಟ್ಟೆಯ ಸುತ್ತು.

"ಏನಾಯ್ತಪ್ಪ ಬೆರಳಿಗೆ?"

"ಟೀ ಗ್ಲಾಸು ಒಡೀತು ದೊಡ್ಡಮ್ಮ. ಅದಿರಲಿ ಬಿಡಿ. ಇವನು ಪುಸ್ತಕವನ್ನ ಆಗಲೇ ಹೊರಗೆ ದಾಟಿಸಿದಾನೆ. ಕೆಲಸದ ಪತ್ರ ರದ್ದು ಮಾಡಿ ಸಂಜೆ ಹಡಗಿಗೆ ಹತ್ತಿಸಿದರೆ ಪೀಡೆ ಹೋಯ್ತು."

ಕೆಲಸದ ಪತ್ರ ಹೋದರೆ ಅವನಿಗೆ ಈ ಊರಲ್ಲಿರುವ ಹಕ್ಕೂ ಹೋಗುತ್ತಿತ್ತು. ಮುಂದಿನ ವಾರ ಅವನ ಹೆಂಡತಿ, ಮಗಳು ಬರುವವರಿದ್ದರು. ಅವರನ್ನು ಕರೆಸಿಕೊಳ್ಳಲು ಆಧಾರವಾಗಿದ್ದುದೂ ಅದೇ ಪತ್ರ.

ದೊಡ್ಡಮ್ಮ ನೀಲಿಯವನ ಪಕ್ಕ ಬೆಂಚಿನ ಮೇಲೆ ಕೂತರು. "ಆರು ಗಂಟೆಗೆ ಎಲ್ಲಿದ್ದೆಯಪ್ಪ?"

"ಕೋಣೇಲಿ ದೊಡ್ಡಮ್ಮ, ಅಂಗಿ ಇಸ್ತ್ರಿ ಮಾಡ್ತಿದ್ದೆ. ಒಬ್ಬನೇ." ಅವನು ಅವರತ್ತ ತಿರುಗಿ, "ಇಷ್ಟು ಹೊತ್ತಿಗೆ ಇದನ್ನ ಕೇಳಿದವರು ನೀವೊಬ್ಬರೇ" ಎಂದ.

"ನಾನು ಹೊಲಿದುಕೊಟ್ಟ ಬೆರಳಚೀಲ ಎಲ್ಲಿ?"

ಅವನು ಜೇಬಿನಿಂದ ಒಂದು ಪುಟ್ಟ ಬಟ್ಟೆಯ ಚೀಲ ತೆಗೆದು ತೋರಿಸಿದ. ದೊಡ್ಡಮ್ಮ ತಲೆಯಾಡಿಸಿ ಒಳಗೆ ನಡೆದರು.

ಪುಸ್ತಕವಿದ್ದ ಕಪಾಟಿನ ಬಿಳಿ ಬಾಗಿಲ ಮೇಲೆ ನೀಲಿ ಅಂಗೈ ಗುರುತೊಂದು ಒದ್ದೆಯಾಗಿ ಹೊಳೆಯುತ್ತಿತ್ತು. "ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?" ಎಂದಳು ತೊಳೆಯುವ ಅಕ್ಕ. ದೊಡ್ಡಮ್ಮ ಅದಕ್ಕೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು. ಆಮೇಲೆ ನೀಲಿ ತೊಟ್ಟಿಯ ಬಳಿ ಹೋದರು. ರಬ್ಬರ್ ಒಣಗಿದರೆ ಬಿರಿಯುತ್ತದೆಂದು ನೀಲಿಯವನು ದಿನವೂ ತನ್ನ ಮೊಣಕೈ ಉದ್ದದ ಕರಿ ಗ್ಲೌಸುಗಳನ್ನು ತೊಟ್ಟಿಯ ಪಕ್ಕದ ಬಕೆಟಿನ ನೀಲಿ ನೀರಿನಲ್ಲೇ, ಬಾಯಿ ಮೇಲಿರುವಂತೆ ಮುಳುಗಿಸಿಟ್ಟು ಹೋಗುತ್ತಿದ್ದ. ಈಗ ಅವು ಬಕೆಟಿನ ಹೊರಗೆ, ನೆಲದ ಮೇಲೆ ಬಿದ್ದಿದ್ದವು.

ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಬಂದರು. ದೊಡ್ಡಮ್ಮ ಎಲ್ಲರನ್ನೂ ಉತ್ತರದ ಕಿಟಕಿಯ ಕೆಳಗೆ ಕೂರಿಸಿದರು. ಬಣ್ಣದ ಮನೆಯ ಕಟ್ಟುನಿಟ್ಟಿನ ಪದ್ಧತಿಯೊಂದಿದೆ: ಯಾವ ಬಣ್ಣಕ್ಕಾದರೂ ‘ಸರಿ’ ಎಂದು ಸಹಿ ಹಾಕಬೇಕಾದರೆ ಅದನ್ನು ಉತ್ತರದ ಕಿಟಕಿಯ ಬೆಳಕಿನಲ್ಲೇ ನೋಡಿರಬೇಕು. ಬಿಸಿಲಿನಲ್ಲಿ ನೋಡಿದ್ದು, ದೀಪದಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. ದೀಪದ ಕೆಳಗೆ ಜೋಡಿಯಂತೆ ಕಂಡ ಎರಡು ಲಡಿಗಳು ಕಿಟಕಿಗೆ ಬಂದರೆ ಬೇರೆ ಬೇರೆ. ಕಣ್ಣುಮೇಷ್ಟ್ರು ಈ ಪದ್ಧತಿಯನ್ನು ಒಮ್ಮೆಯೂ ಮುರಿದವರಲ್ಲ. ಒಮ್ಮೆ ಮಂತ್ರಿಯೊಬ್ಬರು ಅವಸರ ಮಾಡಿದಾಗ ಮೋಡ ಸರಿಯುವವರೆಗೆ ಮೂರು ದಿನ ಕಾಯಿಸಿದ್ದರು.

"ಹೇಳು ಮಗ," ಎಂದರು ದೊಡ್ಡಮ್ಮ, "ಏನು ನೋಡಿದೆ?"

ಕಣ್ಣುಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಆರು ಗಂಟೆ. ಹಿಂದಿನ ಮೆಟ್ಟಿಲು. ಹಬೆ ತುಂಬಿತ್ತು, ಮೇಲೆ ಹಳದಿ ದೀಪ. ಒಬ್ಬ ಇಳಿದು ಬಂದ. ನೀಲಿಯವನ ಏಪ್ರನ್, ಟೋಪಿ. ಕಂಕುಳಲ್ಲಿ ಪುಸ್ತಕ, ಅದರ ಮೇಲೆ ನೂಲಿನ ಲಡಿ ಸುತ್ತಿದ್ದ. ಕೈ ಕಪ್ಪು. ನೀಲಿಯವನೇ. ಬೇಕಾದ್ರೆ ಸಹಿ ಹಾಕ್ತೀನಿ."

"ಮುಖ?"

"ದೀಪಕ್ಕೆ ಕೈ ಅಡ್ಡ ಹಿಡಿದಿದ್ದ, ಅಂಗೈ ನನ್ನ ಕಡೆಗೆ."

"ಆ ನೂಲಿನ ಲಡಿ ಯಾವ ಬಣ್ಣ?"

ಕಣ್ಣುಮೇಷ್ಟ್ರು ನಕ್ಕುಬಿಟ್ಟರು. "ಏನು ದೊಡ್ಡಮ್ಮ, ಹೀಗೆ ಕೇಳ್ತೀರಿ? ಹಳದಿ ದೀಪದಲ್ಲಿ ನೋಡಿದ್ದನ್ನ ಹೇಗೆ ಹೇಳೋದು? ಹಸಿರಿರಬಹುದು, ಕಂದಿರಬಹುದು. ಕಿಟಕಿಗೆ ತರದೆ ನಾನು ಬಣ್ಣ ಹೇಳೋನಲ್ಲ."

"ನೂಲಿನ ಬಣ್ಣ ಹೇಳೋಕಾಗಲ್ಲ. ಮನುಷ್ಯನ ಬಣ್ಣಕ್ಕೆ ಸಹಿ ಹಾಕ್ತೀಯ."

ತೊಟ್ಟಿಕ್ಕುತ್ತಿದ್ದ ನೂಲುಗಳು ಕೂಡ ನಿಂತವು ಎನ್ನಿ.

"ಅಂಗೈ ಯಾವ ಬಣ್ಣ ಇತ್ತು ಮಗ?"

"ಅದೂ ಕಪ್ಪೇ. ಅಚ್ಚ ಕಪ್ಪು."

"ನೀನು ಬಾಪ್ಪ ಇಲ್ಲಿ. ಕೈ ತೋರಿಸು."

ನೀಲಿಯವನು ಬಂದು ಕಿಟಕಿಯ ಬೆಳಕಿಗೆ ಎರಡೂ ಅಂಗೈ ಚಾಚಿದ. ತಿಳಿ ಗುಲಾಬಿ, ಗೆರೆಗಳು ಮಾತ್ರ ಕಂದು. ತೊಳೆಯುವ ಅಕ್ಕ ಬಾಯಿಗೆ ಸೆರಗು ಹಿಡಿದಳು. ಹತ್ತು ತಿಂಗಳು ಅದೇ ಕೈಯಿಂದ ಅವಳು ನೂಲು ಈಸಿಕೊಂಡಿದ್ದಳು.

"ನನ್ನ ಮಗ ನೋಡಿದ್ದು ಚರ್ಮವಲ್ಲ, ರಬ್ಬರು" ಎಂದರು ದೊಡ್ಡಮ್ಮ. "ಕಪಾಟಿನ ಗುರುತನ್ನೂ ನೋಡಿ ಇನ್‌ಸ್ಪೆಕ್ಟರೇ. ಬರಿಗೈ ಆಗಿದ್ರೆ ಗೆರೆಗಳಿರಬೇಕಿತ್ತು. ಅದು ಹೂಜಿಯ ಹೊಟ್ಟೆ ಹಾಗೆ ನುಣ್ಣಗಿದೆ. ಯಾರೋ ಬಕೆಟಿಂದ ಗ್ಲೌಸ್ ತೆಗೆದು ಹಾಕ್ಕೊಂಡಿದಾರೆ."

"ಇವನೇ ಹಾಕ್ಕೊಂಡಿರಬಹುದಲ್ಲ!" ಎಂದ ಅಳಿಯ.

"ಇವನು ಹಾಕ್ಕೊಂಡಿದ್ರೆ ವಾಪಸ್ ನೀರಿಗೆ ಹಾಕ್ತಿದ್ದ, ನೆಲಕ್ಕೆಸೆದು ರಬ್ಬರ್ ಹಾಳುಮಾಡ್ತಿರಲಿಲ್ಲ. ಅದನ್ನ ತೆಗೆದೋನು ತೊಟ್ಟಿ ಕೆಲಸ ಗೊತ್ತಿಲ್ಲದೋನು. ಅವನಿಗೆ ಇನ್ನೊಂದೂ ಗೊತ್ತಿರಲಿಲ್ಲ." ದೊಡ್ಡಮ್ಮ ಬಲಗೈ ಗ್ಲೌಸನ್ನು ಎತ್ತಿ ಹಿಡಿದರು. ಕಿರುಬೆರಳಿನ ತುದಿ ಸೀಳಿತ್ತು. "ಹೋದ ತಿಂಗಳೇ ಇದು ಹರೀತು. ರಬ್ಬರಿಗೆ ರಫೂ ಆಗಲ್ಲ ಅಂತ ಒಳಗೆ ಹಾಕ್ಕೊಳ್ಳೋಕೆ ನಾನೇ ಒಂದು ಬೆರಳಚೀಲ ಹೊಲಿದುಕೊಟ್ಟೆ. ಅದು ಇವನ ಜೇಬಲ್ಲೇ ಇದೆ, ಬೆರಳೂ ನೋಡಿ, ಚೊಕ್ಕವಾಗಿದೆ. ಚೀಲ ಇಲ್ಲದೆ ಇದನ್ನ ಹಾಕ್ಕೊಂಡೋನ ಬೆರಳಿಗೆ ನೀಲಿ ಹತ್ತುತ್ತೆ. ಸೋಪಿಗೂ ಹೋಗಲ್ಲ, ಕಲ್ಲಿಗೆ ಉಜ್ಜಿದ್ರೂ ಹೋಗಲ್ಲ, ಹತ್ತು ದಿನ ಇರುತ್ತೆ. ಅಳಿಯಂದಿರೇ, ಆ ಬಟ್ಟೆ ಸ್ವಲ್ಪ ಬಿಚ್ಚಿ."

"ಗಾಯ ಇದೆ ಅಂದೆನಲ್ಲ!"

"ಬಿಚ್ಚಿ" ಎಂದರು ಇನ್‌ಸ್ಪೆಕ್ಟರ್.

ಬಟ್ಟೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ಗಾಯವಿರಲಿಲ್ಲ. ಉಗುರಿನಿಂದ ಮೊದಲ ಗಿಣ್ಣಿನವರೆಗೆ ಬೆರಳು ಕಡುನೀಲಿ.

"ಅತ್ತೆ..." ಎಂದ ಅಳಿಯ. ಯಜಮಾನಿ ಮುಖ ತಿರುಗಿಸಿದರು.

"ಈ ಮನೇಲಿ ನೀವು ಹುಡುಕಿದ್ದು ಇವನ ಕೋಣೆ ಒಂದನ್ನೇ" ಎಂದರು ದೊಡ್ಡಮ್ಮ. "ಅಳಿಯಂದಿರ ಆಫೀಸನ್ನೂ ಹುಡುಕಬೇಕು ಅಂತ ನಿಮಗ್ಯಾರಿಗೂ ಅನ್ನಿಸಲೇ ಇಲ್ಲ."

ಪುಸ್ತಕ ಆಫೀಸಿನ ಹಳೆಯ ಕಡತಗಳ ಹಿಂದೆ ಸಿಕ್ಕಿತು. ಹೊಳೆಯಾಚೆಯ ಬಣ್ಣದ ಮನೆಯವರು ಅವನಿಗೆ ಪಾಲುದಾರಿಕೆಯ ಆಸೆ ತೋರಿಸಿದ್ದರಂತೆ.

"ಮುಖಕ್ಕೆ ಮಸಿ ಬಳಿದುಕೊಳ್ಳಲೂ ಇಲ್ವಲ್ಲ ಇವನು?" ಎಂದು ಇನ್‌ಸ್ಪೆಕ್ಟರ್ ಅಚ್ಚರಿಪಟ್ಟರು.

"ಯಾಕೆ ಬೇಕು? ಏಪ್ರನ್ನು, ಟೋಪಿ, ಎರಡು ಗ್ಲೌಸು. ಅರ್ಧ ವೇಷ ಸಾಕು, ಉಳಿದ ಅರ್ಧ ನೋಡೋರೇ ಹಾಕ್ಕೊಡ್ತಾರೆ ಅಂತ ಇವನಿಗೆ ಗೊತ್ತಿತ್ತು."

ಆಗ ಕಣ್ಣುಮೇಷ್ಟ್ರು ಎದ್ದರು. ಎಂಥ ಗಳಿಗೆ ಅದು! ಕಣ್ಣಿಂದ ನೀರು ಕೋಡಿ ಹರಿಯಿತು, ಬಣ್ಣದ ತೊಟ್ಟಿಗಳೆಲ್ಲ ತಿಳಿಯಾಗುವಷ್ಟು. ನೀಲಿಯವನ ಎರಡೂ ಕೈ ಹಿಡಿದು, "ತಪ್ಪಾಯ್ತು ತಮ್ಮ, ನನ್ನ ಕಣ್ಣೇ ನನಗೆ ಮೋಸ ಮಾಡ್ತು" ಎಂದು ತುಂಬಿದ ಸಭೆಯಲ್ಲಿ ಕ್ಷಮೆ ಕೇಳಿದರು. ಬಾಯ್ಲರು ಕೂಡ ಬಿಕ್ಕಿತು. ಮಾರನೆಯ ದಿನದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ...

"ಯಾವ ಬೆಂಚು?"

ಬಾಗಿಲಲ್ಲಿ ನಿಂತು ಯಾವಾಗಿನಿಂದ ಕೇಳುತ್ತಿದ್ದರೋ ತಿಳಿಯದು, ನಮ್ಮ ಈಗಿನ ಹಿರಿಯ ಮೇಸ್ತ್ರಿ. ಆ ದಿನ ಗೇಟಿನ ಬಳಿ ಕೂತಿದ್ದವರು ಅವರೇ.

"ಕತೆ ಚೆನ್ನಾಗಿದೆ" ಎಂದರು. "ಆದ್ರೆ ಆವತ್ತು ಯಾರೂ ನನ್ನ ಕೈ ಹಿಡೀಲಿಲ್ಲ. ಕಣ್ಣುಮೇಷ್ಟ್ರು ‘ಬೆಳಕು ಸರಿ ಇರಲಿಲ್ಲ’ ಅಂದು ಊಟಕ್ಕೆ ಹೋದರು."

ಕೇಳುತ್ತ ಕೂತಿದ್ದ ಹೊಸಬರೆಲ್ಲ ನನ್ನತ್ತ ತಿರುಗಿದರು. ಬಾಯಿಗೆ ಬಂದ ಸುಳ್ಳುಗಳಲ್ಲಿ ಒಂದೂ ಹೊರಗೆ ಬರಲೊಲ್ಲದು.

"ಹೌದು" ಎಂದೆ. "ಇಷ್ಟು ಹೊತ್ತು ಅವರು, ಇವರು ಅಂತ ಹೇಳಿದೆನಲ್ಲ, ಆ ಕಣ್ಣುಮೇಷ್ಟ್ರು ನಾನೇ. ಕ್ಷಮೆ ಕೇಳಲಿಲ್ಲ. ಆವತ್ತೂ ಇಲ್ಲ, ಈ ಆರು ವರ್ಷದಲ್ಲಿ ಯಾವತ್ತೂ ಇಲ್ಲ. ಕೇಳಿದೆ ಅಂತ ಕತೆಯಲ್ಲಿ ಸೇರಿಸ್ತಾ ಬಂದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸತೊಡಗಿತ್ತು."

ಮೇಸ್ತ್ರಿ ಒಳಗೆ ಬಂದು ಎದುರಿಗೆ ಕೂತರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಹೋಗಲಿ. ಆರು ವರ್ಷದಿಂದ ನಾನು ಕೇಳಬೇಕು ಅಂತಿರೋದು ಬೇರೆ. ಆ ಮೆಟ್ಟಿಲ ಮೇಲೆ ನಿಜವಾಗ್ಲೂ ಏನು ನೋಡಿದ್ರಿ?"

ದೊಡ್ಡಮ್ಮ ಕೇಳಿದ್ದರೆ ಇದಕ್ಕೂ ಏನಾದರೂ ಬಣ್ಣ ಕಟ್ಟುತ್ತಿದ್ದೆ. ಅವರಿಗಾಗಲಿ, ಹೆಂಡತಿಗಾಗಲಿ, ದೇವರಿಗಾಗಲಿ ಹೇಳಿರದ ಮಾತದು.

"ಅವನು ದೀಪಕ್ಕೆ ಕೈ ಅಡ್ಡ ಹಿಡಿದಾಗ ಟೋಪಿ ಒಂದು ಕಡೆ ಸರೀತು" ಎಂದೆ. "ಕಿವಿ ಕಾಣಿಸ್ತು. ಬಿಳಿ ಕಿವಿ. ನನಗೆ ಸರಿಯಾಗೇ ಕಾಣಿಸ್ತು, ಬೆಳಕಿನದ್ದೇನೂ ತಪ್ಪಿರಲಿಲ್ಲ. ಅಷ್ಟರಲ್ಲಿ ಮನಸ್ಸು ಇದು ನೀಲಿಯವನು ಅಂತ ಹೇಳಿಬಿಟ್ಟಿತ್ತು. ಆ ಕಿವಿಯನ್ನ ನಾನೇ ಅಳಿಸಿಹಾಕಿದೆ. ನಿಮ್ಮನ್ನ ಗೇಟಿನ ಹತ್ರ ಕೂರಿಸಿದಾಗ ಅದು ನೆನಪಾಯ್ತು. ಆಗಲೂ ಬಾಯಿ ಬಿಡಲಿಲ್ಲ."