ಪೀಠ ತಬ್ಬಿದ ಮಾಟಗಾರ

ಬಹಳ ಹಿಂದೆ, ಯವನರ ಸೀಮೆಯಲ್ಲಿ, ಕಡಲ ದಂಡೆಗೆ ಅಂಟಿಕೊಂಡು ಕಾಲಿಂಥ ಎಂಬ ಪಟ್ಟಣವಿತ್ತು. ಆಳಲು ಒಬ್ಬ ರಾಜನಿದ್ದ, ಕಾಯಲು ಥೆರಾಯ ಎಂಬ ದೇವಿಯಿದ್ದಳು. ಊರಿನ ಕಟ್ಟಳೆಗಳನ್ನೆಲ್ಲ ಅವಳ ಗುಡಿಯ ಗೋಡೆಯ ಮೇಲೆಯೇ ಕೆತ್ತಿದ್ದರು. ಹಿರಿಯರು ಆಣೆ ಇಡುವುದು ಅವಳ ಮುಂದೆ, ಪ್ರಾಯಕ್ಕೆ ಬಂದ ಹುಡುಗರು ಊರಿನ ಆಣೆ ಹೇಳಿ ಊರಿನವರಾಗುವುದೂ ಅವಳ ಮುಂದೆ. ಅವಳ ಪೀಠವನ್ನು ತಬ್ಬಿ ಕೂತವನನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ.

ಆ ಊರಿನಲ್ಲಿ ಮೈರಿನ್ನ ಎಂಬ ಹುಡುಗಿಯಿದ್ದಳು. ಕಡಲ ಶಂಖದ ಹುಳುಗಳನ್ನು ಕೊಳೆಯಿಸಿ ನೇರಳೆ ಬಣ್ಣ ತೆಗೆಯುವುದು ಅವಳ ಕಸುಬು. ಆ ಬಣ್ಣಕ್ಕೆ ರಾಜರು ಆಸೆಪಡುತ್ತಿದ್ದರು, ಆ ವಾಸನೆಗೆ ನಾಯಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ತಾಯಿತಂದೆ ತೀರಿಕೊಂಡಿದ್ದರು. ತನ್ನವನೆಂದು ಇದ್ದವನು ಅಣ್ಣ ಲೈಕಾಸ ಒಬ್ಬನೇ, ಕೋಟೆ ಬಾಗಿಲಿನ ಕಾವಲುಗಾರ.

ಒಂದು ದಿನ ಸ್ಕಿರಾಸನೆಂಬ ಮಾಟಗಾರ ಯಾರ ಕಣ್ಣಿಗೂ ಕಾಣದ ರೂಪದಲ್ಲಿ ಊರೊಳಗೆ ನುಸುಳಲು ಬಂದ. ಹೆಜ್ಜೆ ಸಪ್ಪಳ ಕೇಳಿ ಲೈಕಾಸ "ಯಾರದು?" ಎಂದು ಅಡ್ಡ ನಿಂತ. ಅಷ್ಟಕ್ಕೇ ಮಾಟಗಾರನ ಸಿಟ್ಟು ನೆತ್ತಿಗೇರಿತು. ಲೈಕಾಸನನ್ನು ಎತ್ತು ಮಾಡಿಬಿಟ್ಟ.

"ದೇವಿಯ ಹಬ್ಬದ ಸೂರ್ಯ ಮುಳುಗಿದರೆ ನೀನು ಸಾಯುವ ತನಕ ಎತ್ತೇ! ನಾನೇ ಬಾಯಿಬಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು, ಅಷ್ಟೇ" ಎಂದು ಗಹಗಹಿಸಿದ.

ಅಣ್ಣನಿಗೆ ಬುತ್ತಿ ತಂದಿದ್ದ ಮೈರಿನ್ನ ಆ ಮಾತನ್ನೂ ನಗುವನ್ನೂ ಕಿವಿಯಾರೆ ಕೇಳಿದಳು, ಎತ್ತಿನ ಕೊರಳು ತಬ್ಬಿ ಅತ್ತಳು. ಎತ್ತೂ ಅತ್ತಿತು.

ಹಬ್ಬದ ದಿನ ಬಂತು. ಬಣ್ಣದ ಹಂಡೆ ಹೊತ್ತು ಹೋಗುತ್ತಿದ್ದ ಮೈರಿನ್ನಳಿಗೆ ಖಾಲಿ ಬೀದಿಯಲ್ಲಿ ಅದೇ ನಗು ಕೇಳಿಸಿತು. ನಗು ಬಂದ ಕಡೆಗೆ ಹಂಡೆಯನ್ನೇ ಎರಚಿದಳು. ನೋಡಿದರೆ ಅಡಿಯಿಂದ ಮುಡಿಯವರೆಗೆ ನೇರಳೆಯಾದ ಮುದುಕನೊಬ್ಬ ಗಬ್ಬು ನಾರುತ್ತ ನಿಂತಿದ್ದಾನೆ! ಬಾಯಿಗೆ ಬಣ್ಣ ಹೋಗಿ ಮಂತ್ರ ಹೇಳಲಾಗದೆ ಕೆಮ್ಮುತ್ತ ಓಡಿದ. ಊರಿಗೆ ಊರೇ ಬೆನ್ನಟ್ಟಿತು. ಆದರೆ ಕಳ್ಳ ಮಹಾ ಚಾಲಾಕಿ. ನೇರ ಗುಡಿಗೆ ನುಗ್ಗಿ ಪೀಠವನ್ನು ತಬ್ಬಿಕೊಂಡ.

ಸೇನಾಪತಿ ಕತ್ತಿ ಹಿರಿದು ಬಂದ. ಮುದಿ ಪೂಜಾರಿಣಿ ಅಡ್ಡ ನಿಂತಳು. "ತಬ್ಬಿದವನನ್ನು ಮುಟ್ಟಬೇಡ. ಯುದ್ಧದಲ್ಲಿ ಸೋತ ನಿನ್ನ ಅಜ್ಜ ಇಲ್ಲೇ ಕೂತು ಜೀವ ಉಳಿಸಿಕೊಂಡ." ಸೇನಾಪತಿ ಕತ್ತಿಯನ್ನು ಒರೆಗೆ ಸೇರಿಸಿದ.

ರಾಜ ಬಂದ. "ತಬ್ಬಿದವನನ್ನು ಮುಟ್ಟಬೇಡಿ, ಪ್ರಭು" ಎಂದಳು ಪೂಜಾರಿಣಿ. "ದಂಗೆಯಾದಾಗ ಹಾಲುಗೂಸಾಗಿದ್ದ ನಿಮ್ಮ ತಂದೆಯ ಜೀವ ಉಳಿದದ್ದು ಇಲ್ಲೇ." ರಾಜ ತಲೆ ತಗ್ಗಿಸಿದ.

ಮೂರನೆಯವಳು ಮೈರಿನ್ನ. ಸೂರ್ಯ ಇಳಿಯುತ್ತಿದ್ದ. ಅವಳು ಮುದುಕನ ಕೊರಳಪಟ್ಟಿಗೇ ಕೈ ಚಾಚಿದಳು.

"ಬೇಡ, ಮಗಳೇ" ಎಂದಳು ಪೂಜಾರಿಣಿ. "ಒಡೆಯನ ಚಾವಟಿಯಿಂದ ತಪ್ಪಿಸಿಕೊಂಡು ಬಂದ ದಾಸಿಯೊಬ್ಬಳು ಇದೇ ಕಲ್ಲನ್ನು ತಬ್ಬಿದ್ದಳು. ಆಗ ಅವಳು ತುಂಬು ಬಸುರಿ. ಹೊಟ್ಟೆಯಲ್ಲಿದ್ದವನು ನಿನ್ನ ಅಣ್ಣ."

ಮೈರಿನ್ನಳ ಕೈ ಗಾಳಿಯಲ್ಲೇ ನಿಂತಿತು. ಅವಳಿಗೆ ಆ ಮುದುಕನ ಮೇಲೆ ಕರುಣೆಯೇನೂ ಹುಟ್ಟಲಿಲ್ಲ. ಅಮ್ಮನನ್ನು ಉಳಿಸಿದ ಕಲ್ಲಿನಿಂದ ಯಾರನ್ನೂ ಎಳೆಯಲು ಮಾತ್ರ ಮನಸ್ಸು ಬರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡಳು. ಆಗ ಅವಳಿಗೆ ಊರಿನ ಇನ್ನೊಂದು ಕಟ್ಟಳೆ ನೆನಪಾಯಿತು.

"ಅಜ್ಜಾ, ಹಸಿವಾಗಿದೆಯಾ?" ಎಂದು ಕೇಳಿದಳು.

"ಓಡಿ ಓಡಿ ಕರುಳು ಚುರುಗುಟ್ಟುತ್ತಿದೆ. ಕೇಳಬೇಕೇ?"

"ರೊಟ್ಟಿ ಕೊಡುತ್ತೇನೆ. ದೇವಿಯ ಮುಂದೆ ಊರಿನ ರೊಟ್ಟಿ ತಿನ್ನುವವರು ಮೊದಲು ಊರಿನ ಆಣೆ ಹೇಳಬೇಕು."

ಮಾತಿಗೇನು ಬೆಲೆ ಎಂದುಕೊಂಡ ಸ್ಕಿರಾಸ, ರೊಟ್ಟಿಯ ಮೇಲೇ ಕಣ್ಣಿಟ್ಟು, ಪೂಜಾರಿಣಿ ಹೇಳಿಕೊಟ್ಟಂತೆ ಗಡಗಡ ಹೇಳಿದ: "ಈ ಊರಿನ ಯಾರಿಗೂ ಕೇಡು ಮಾಡೆನು. ಮಾಡಿದ ಕೇಡನ್ನು ಹಿಂದಕ್ಕೆ ತೆಗೆದುಕೊಂಡೆನು."

ದೇವಿಯ ಮುಂದೆ ಇಟ್ಟ ಆಣೆ ಬರೀ ಮಾತಲ್ಲ, ಪೀಠ ಗುಡುಗಿತು. ಮಾಟಗಾರನ ಮಂತ್ರಗಳೆಲ್ಲ ಬಾಯಿಂದ ಹೊಗೆಯಾಗಿ ಹೊರಬಂದು ಕಡಲ ಕಡೆಗೆ ತೇಲಿಹೋದವು. ಸ್ಕಿರಾಸ ರೊಟ್ಟಿ ಹಿಡಿದು ಕಣ್ಣುಕಣ್ಣು ಬಿಟ್ಟ. ಕೋಟೆ ಬಾಗಿಲಿನಿಂದ ಯಾರೋ ಓಡಿಬರುವ ಸದ್ದಾಯಿತು.

"ಮೈರಿನ್ನಾ!" ಎಂದು ಕೂಗುತ್ತ ಲೈಕಾಸ ಬಂದ. ತಲೆಗೂದಲಲ್ಲಿ ಇನ್ನೂ ಹುಲ್ಲಿತ್ತು. ಅವಳು ಅಣ್ಣನ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಮೂಗು, ಕಿವಿ, ಗಲ್ಲ ಎಲ್ಲವನ್ನೂ ಮುಟ್ಟಿ ನೋಡಿ, ಅಬ್ಬಾ ಎಂದು ಉಸಿರುಬಿಟ್ಟಳು. ಆಗಷ್ಟೇ ಸೂರ್ಯ ಮುಳುಗಿದ.

ನೇರಳೆ ಬಣ್ಣ ತೊಳೆದರೆ ಹೋಗುವಂಥದ್ದಲ್ಲ. ಸ್ಕಿರಾಸ ಗುಡಿಯಂಗಳ ಗುಡಿಸಿಕೊಂಡು ಅಲ್ಲೇ ಉಳಿದ, ಮಕ್ಕಳು ಅವನನ್ನು ನೇರಳೆ ತಾತ ಎಂದು ಕರೆದರು. ಅಣ್ಣತಂಗಿ ಬಹುಕಾಲ ಸುಖವಾಗಿ ಬಾಳಿದರು. ಆ ಕಲ್ಲನ್ನು ತಬ್ಬಿದ ಯಾರೊಬ್ಬರನ್ನೂ ಕಾಲಿಂಥದವರು ಎಂದೂ ಎಳೆಯಲಿಲ್ಲ.