ಕೇತ ನಿದ್ದೆ ಹೋದ ಮಧ್ಯಾಹ್ನ

"ಎಚ್ಚರ ಇದೀಯೇನೋ?" ಎಂದು ಸವಿತಾ ಕೇಳಿದಾಗ ಕೇತ "ಊಂ" ಎಂದಿದ್ದ. ಮರುಗಳಿಗೆಯಲ್ಲೇ ಗೊರಕೆ ಶುರು. ವಾರದಿಂದ ಕಾಕನಕೋಟೆ ಕಾಡಂಚಿನ ಹೊಲದಲ್ಲಿ ರಾತ್ರಿಯಿಡೀ ಆನೆ ಬರದಂತೆ ಕಾಯುತ್ತಿದ್ದವನು. ಪಟಾಕಿ ಸಿಡಿಸಿ ಸಿಡಿಸಿ ಕಿವಿ ಗುಂಯ್ ಎನ್ನುತ್ತಿದೆ ಎಂದು ಅವಳು ಕೆಲಸ ಮಾಡುವ ಕಿವಿ ಪರೀಕ್ಷೆಯ ಸೆಂಟರ್‌ಗೆ ಬಂದಿದ್ದ.

ಎಬ್ಬಿಸೋಣ ಎಂದುಕೊಂಡಳು. ಮನಸ್ಸಾಗಲಿಲ್ಲ. ಎರಡು ವರ್ಷದಿಂದ ಬಸ್ಸಿನಲ್ಲಿ ಅವಳಿಗಾಗಿ ಸೀಟು ಹಿಡಿಯುವ ಹುಡುಗ, ಮದುವೆಯ ಮಾತೆತ್ತಿದರೆ ಮಾತ್ರ ಕಿಟಕಿ ಕಡೆ ತಿರುಗಿ ನಗುವ ಕಳ್ಳ, ತಲೆಗೆ ತಂತಿ ಅಂಟಿಸಿಕೊಂಡು ಬಾಯಿ ತೆರೆದು ಮಲಗಿದ್ದ. ಹಣೆಯ ಕೂದಲು ಸರಿಸಿ ಲೈಟು ಆರಿಸಿದಳು.

ಕಿವಿಗೆ ಸೆಕೆಂಡಿಗೆ ನಲವತ್ತು ಸಲ ಟಿಕಟಿಕ ಸದ್ದು ಹೋಗುತ್ತದೆ. ಮೆದುಳಿಗೆ ಅದು ಮುಟ್ಟಿದರೆ ಅದರ ವಿದ್ಯುತ್ತೂ ಅದೇ ವೇಗದಲ್ಲಿ ಏಳುತ್ತದೆ, ಬೀಳುತ್ತದೆ. ಮೆದುಳಿನ ಒಂದೊಂದು ಉತ್ತರವೂ ತೀರ ಸಣ್ಣದು, ಒಂದರ ಮೇಲೊಂದು ಬಿದ್ದಿರುತ್ತದೆ. ಸಾವಿರಾರನ್ನು ಕೂಡಿಸಿ ಸರಾಸರಿ ತೆಗೆದರೆ ಅಲೆ ಕಾಣುತ್ತದೆ. ಕೇತನ ಅಲೆ ಏಳಲೇ ಇಲ್ಲ. ಸವಿತಾ ಮೂರು ಸಲ ನೋಡಿ, ಅಳು ತಡೆದುಕೊಂಡು ರಿಪೋರ್ಟ್ ಬರೆದಳು. ಅದನ್ನು ಓದಿದ ಡಾಕ್ಟರು, ನರ ಸೋಲುತ್ತಿದೆ, ಮುಂದೆ ಪೂರ್ತಿ ಕಿವುಡಾಗಬಹುದು ಎಂದರು.

ಆಮೇಲೆ ಕೇತ ಬಸ್ಸಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ನಾಲ್ಕು ತಿಂಗಳ ನಂತರ ಮೈಸೂರಿನ ಟ್ರೈನಿಂಗ್‌ನಲ್ಲಿ ಮೇಡಂ ಒಬ್ಬರ ಮಾತು ಬರೆದುಕೊಳ್ಳುತ್ತಿದ್ದ ಅವಳ ಪೆನ್ನು ಅಲ್ಲೇ ನಿಂತಿತು. ದೊಡ್ಡವರು ನಿದ್ದೆ ಹೋದರೆ ಈ ನಲವತ್ತರ ಅಲೆ ಕುಗ್ಗಿಬಿಡುತ್ತದೆ, ಎಚ್ಚರವಾಗಿಟ್ಟೇ ಪರೀಕ್ಷೆ ಮಾಡಬೇಕು. ಪಾಪ, ದಣಿದಿದ್ದಾನೆ ಎಂದು ಮಲಗಲು ಬಿಟ್ಟವಳು ಅವಳೇ.

ಊರಿಗೆ ಹೇಳಿ ಕಳಿಸಿ, ಕಾಡಿ ಬೇಡಿ ಅವನನ್ನು ಕರೆಸಿದಳು. ಈ ಸಲ ಎಚ್ಚರವಾಗಿ ಕೂರಿಸಿದಳು. ಎರಡೂ ಕಿವಿಯ ಅಲೆ ಚೆನ್ನಾಗಿ ಎದ್ದಿತು.

"ನಿಂಗೇನೂ ಆಗಿಲ್ಲ ಕಣೋ! ತಪ್ಪು ನಂದು. ಆವತ್ತು ನಿನ್ನ ಎಬ್ಬಿಸ್ಲಿಲ್ಲ."

ಕೇತ ನಗಲಿಲ್ಲ. "ಬರೋ ಸೋಮ್ವಾರ ಮದ್ವೆ ಕಣಮ್ಮಿ. ನಮ್ಮತ್ತೆ ಮಗಳು ರೂಪಶ್ರೀ. ಉಟ್ದಾಗಿಂದ ಅವಳ್ಗೆ ಕಿವಿ ಕೇಳ್ಸಕಿಲ್ಲ."

"ಯಾಕ್ ಒಪ್ಕಂಡೆ?"

"ಕಿವುಡನ್ನ ಕಟ್ಕಂಡು ನೀನ್ಯಾಕೆ ಒದ್ದಾಡ್ಬೇಕು ಅಂದ್ಕಂಡೆ. ನಂಗೂ ಕಿವಿ ಓಯ್ತದೆ ಅಂತ ತಿಳ್ಸಿದಾಗ ಅವ್ಳು ನನ್ ಕೈ ಇಡ್ಕಂಡು ಅತ್ಬುಟ್ಲು. ದಿನಾ ಕೈಸನ್ನೆ ಕಲಿಸ್ತಾವ್ಳೆ. ಈಗ ಕಿವಿ ಸರಿ ಅದೆ, ನೀನ್ ಬ್ಯಾಡ ಅಂತ ಅವಳ್ಗೆ ಎಂಗೆ ಏಳ್ಲಿ ಸವಿತಾ?"

ಹೇಳು, ನನಗೋಸ್ಕರ ಹೇಳು ಎಂಬ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಶ್ರವಣ ಸಹಜ ಎಂದು ಬರೆದು, ಸಹಿ ಹಾಕಿ, ಕಾಗದ ಅವನ ಮುಂದೆ ಹಿಡಿದು ಹೇಳಿದಳು:

"ಈ ಕಾಗ್ದ ನೋಡಿದ್ರೆ ಅವ್ಳು ಎದರ್ಕತಾಳೆ. ಮೊದ್ಲು ಬುಟ್ಟೋಗಲ್ಲ ಅಂತ ಏಳು. ಆಮೇಲೆ ತೋರ್ಸು. ಬುಟ್ಟೋಗಲ್ಲ ಅನ್ನೋದ್ನ ಕೈಯಾಗೆ ಎಂಗೆ ಏಳ್ತೀಯ? ಮಾಡು, ನೋಡ್ತೀನಿ."

ಕೇತ ಅವಳ ಕಡೆ ಬೆರಳು ತೋರಿಸಿದ. ಎರಡೂ ಕೈಯ ಬೆರಳು ಹೆಣೆದು ಎದೆಗೆ ಒತ್ತಿಕೊಂಡ. ಅವಳ ಕಣ್ಣನ್ನೇ ನೋಡುತ್ತಿದ್ದವನಿಗೆ ಕೈ ಬಿಡಿಸಲಾಗಲಿಲ್ಲ. ಹಾಗೇ ನಿಂತ.

"ಅರ್ಥ ಆಯ್ತದೆ ಬುಡು ಅವಳ್ಗೆ" ಎಂದಳು ಸವಿತಾ. ಕಾಗದ ಮಡಿಸಿ ಅವನ ಜೇಬಿಗಿಟ್ಟು, ಬಾಗಿಲು ತೆಗೆದಳು.